ಕೊಕ್ಕೆಹುಳುವಿಗೆ ಲಸಿಕೆ ಬೇಕೇ? ಪರ-ವಿರೋಧ

ಪರ

ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಿಗೆ ವೈದ್ಯನಾಗಿ ಹೋಗುತ್ತಿದ್ದ ಕಾಲದಲ್ಲಿ ಒಬ್ಬ ಕೂಲಿ ಹೆಂಗಸನ್ನು ಎರಡು ಮಳೆಗಾಲ ಒಂದೇ ಸ್ಥಿತಿಯಲ್ಲಿ ನೋಡಿದೆ. ಕಣ್ಣಿನ ಕೆಳರೆಪ್ಪೆ ಎಳೆದರೆ ಒಳಗೆ ಸುಣ್ಣ ಬಳಿದಂಥ ಬಿಳುಪು, ಕಾಲ್ಬೆರಳ ಸಂದಿಯಲ್ಲಿ ಕೆರೆದು ಆದ ಗಾಯ. ಮೊದಲ ಸಲ ಕೊಟ್ಟ 400 ಮಿಲಿಗ್ರಾಂ ಆಲ್ಬೆಂಡಜೋಲ್ ಎಂಬ ಜಂತುಹುಳು ಮಾತ್ರೆ ಮತ್ತು ಕಬ್ಬಿಣಾಂಶದ ಮಾತ್ರೆಗಳಿಂದ ಚೇತರಿಸಿಕೊಂಡಿದ್ದರು. ಮರುವರ್ಷ ಬಂದು, "ಮಾತ್ರೆ ನುಂಗಿದ್ದೆನಲ್ಲ ಡಾಕ್ಟ್ರೇ, ಮತ್ತೆ ಹೆಂಗೆ ಬಂತು?" ಎಂದು ಕೇಳಿದರು.

ದಡಾರ ಒಮ್ಮೆ ಬಂದವರಿಗೆ ಮತ್ತೆ ಬರುವುದು ಅಪರೂಪ, ಕೊಕ್ಕೆಹುಳು ಹಾಗಲ್ಲ. ಮರಿಹುಳು ಅಂಗಾಲಿನ ಚರ್ಮವನ್ನು ತೂರಿ, ರಕ್ತದೊಡನೆ ಶ್ವಾಸಕೋಶ ಸೇರಿ, ಗಂಟಲಿಗೇರಿ, ಅಲ್ಲಿಂದ ಸಣ್ಣ ಕರುಳಿಗೆ ಇಳಿಯುವ ಹೊತ್ತಿಗೆ ದೇಹ ಸುಮ್ಮನೆ ಕೂತಿರುವುದಿಲ್ಲ; ರಕ್ತದಲ್ಲಿ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳೂ ಅಲರ್ಜಿಗೂ ಕಾರಣವಾಗುವ ಐಜಿಇ ಪ್ರತಿಕಾಯಗಳೂ ಏರುತ್ತವೆ. ಆದರೆ ಹುಳು ಸ್ರವಿಸುವ ಪ್ರೋಟೀನುಗಳು ಪ್ರತಿರೋಧಕ್ಕೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳನ್ನೂ ಐಎಲ್-10 ಎಂಬ ರಾಸಾಯನಿಕ ಸಂಕೇತವನ್ನೂ ಹೆಚ್ಚಿಸಿ ಆ ಕಾವನ್ನು ತಣಿಸಿಬಿಡುತ್ತವೆ, ಹುಳು ವರ್ಷಗಟ್ಟಲೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ದುಂಡುಹುಳುವಿನ ಹೊರೆ ಮಕ್ಕಳು ಬೆಳೆದಂತೆ ಸಾಮಾನ್ಯವಾಗಿ ಇಳಿಯುತ್ತದೆ. ಕೊಕ್ಕೆಹುಳುವಿನದು ದೊಡ್ಡವರಲ್ಲೂ ಏರುತ್ತಾ ಹೋಗಬಹುದು. ಹುಳು ಹೀಗೆ ಅಡಗಿಸಿಟ್ಟ ಪ್ರತಿರೋಧವನ್ನು ಎಚ್ಚರಿಸಲು ಲಸಿಕೆಯಲ್ಲದೆ ಬೇರೆ ದಾರಿ ನನಗೆ ಕಾಣುವುದಿಲ್ಲ. ಅದು ಆಗದ ಕೆಲಸವೂ ಅಲ್ಲ. ವಿಕಿರಣದಿಂದ ಬಲಗುಂದಿಸಿದ ಮರಿಹುಳುಗಳ ಲಸಿಕೆ ನಾಯಿಗಳಿಗೆಂದು 1973ರಲ್ಲೇ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು. ಬ್ರೆಜಿಲ್‌ನಲ್ಲಿ ಮರಿಹುಳುವಿನ ಪ್ರೋಟೀನಿನ ಲಸಿಕೆಯನ್ನು ಮನುಷ್ಯರ ಮೇಲೆ ಪ್ರಯೋಗಿಸಿದಾಗ ಆದ ಹಿನ್ನಡೆಯನ್ನೇ ಹಿಡಿದು ಕೂರುವವರು ಗಮನಿಸಬೇಕು: ಅನಂತರ ಬಂದ ಲಸಿಕೆಗಳು ಮರಿಹುಳುವನ್ನು ಬಿಟ್ಟು, ಬೆಳೆದ ಹುಳು ರಕ್ತ ಅರಗಿಸಿಕೊಳ್ಳಲು ನೆಚ್ಚುವ ಕಿಣ್ವಗಳನ್ನು ಗುರಿಯಾಗಿಸಿವೆ.

ವಿರೋಧ

ವಿರೋಧವಾಗಿ ಬರೆಯಿರಿ ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಸಂಶೋಧನೆಯೇ ನಿಲ್ಲಲಿ ಎಂಬುದು ನನ್ನ ವಾದವಲ್ಲ. ಬ್ರೆಜಿಲ್‌ನಲ್ಲಿ ಎಎಸ್‌ಪಿ-2 ಎಂಬ ಆ ಮರಿಹುಳು ಪ್ರೋಟೀನಿನ ಲಸಿಕೆ ಪಡೆದವರಲ್ಲಿ, ಹಿಂದೆ ಸೋಂಕು ತಗುಲಿದ್ದ ಕೆಲವರ ಮೈಮೇಲೆ ಕೂಡಲೇ ಪಿತ್ತಗಂಧೆ ಎದ್ದಿತು. ಹಳೆಯ ಸೋಂಕು ಉಳಿಸಿಹೋದ ಐಜಿಇ ಅವರ ದೇಹದಲ್ಲಿ ಮೊದಲೇ ಇತ್ತು. ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಲಸಿಕೆ ಯಾರಿಗೆ ಬೇಕೋ ಅವರಿಗೇ ಅದು ಅಪಾಯ ತಂದಿತು. ನಾಯಿಯ ಲಸಿಕೆಯೂ 1975ರಲ್ಲಿ ಮಾರುಕಟ್ಟೆಯಿಂದ ಹೋಯಿತು.

ಚುಚ್ಚುಮದ್ದು ಬಂದರೆ ಪಾಯಖಾನೆಯೂ ಬೇಡ, ಚಪ್ಪಲಿಯೂ ಬೇಡ ಎಂಬಂತೆ ಮಾತಾಡುವವರನ್ನು ನಾನು ಒಪ್ಪಲಾರೆ. 2015ರಿಂದ ಫೆಬ್ರವರಿ 10ರಂದು ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ಮಾತ್ರೆ ಕೊಡುತ್ತಿದ್ದಾರೆ. 1ರಿಂದ 19 ವರ್ಷದವರಿಗಿರುವ ಆ ಮಾತ್ರೆಯನ್ನು ತೋಟದಲ್ಲಿ ದುಡಿಯುವ ದೊಡ್ಡವರಿಗೂ ಪ್ರತಿವರ್ಷ ತಪ್ಪದೆ ಹಂಚಲಿ. ಮಾತ್ರೆಯ ನಂತರವೂ ಹುಳು ಮತ್ತೆ ಅಂಟುತ್ತದೆ ಎಂಬುದನ್ನು ನಾನೂ ಅಲ್ಲಗಳೆಯುವುದಿಲ್ಲ.