ಜೆರುಸಲೇಮ್ ಯಾವ ದೇಶಕ್ಕೂ ಸೇರದ ಊರಾಗಬೇಕೇ?

ಪರ

ಜೆರುಸಲೇಮಿನ ಹಳೇ ಊರು ಒಂದು ಚದರ ಕಿಲೋಮೀಟರೂ ಇಲ್ಲ. ಅಷ್ಟರೊಳಗೇ ಯಹೂದಿಗಳು ಪ್ರಾರ್ಥಿಸುವ ಪಶ್ಚಿಮ ಗೋಡೆ, ಮುಸ್ಲಿಮರ ಅಲ್-ಅಕ್ಸಾ ಮಸೀದಿ, ಯೇಸುವಿನ ಸಮಾಧಿ ಇದೆಯೆಂದು ಕ್ರೈಸ್ತರು ನಂಬುವ ಚರ್ಚ್. ಇದನ್ನು ಒಬ್ಬರ ಹೆಸರಿಗೆ ಖಾತೆ ಮಾಡಿಕೊಟ್ಟರೆ ಉಳಿದವರು ಸುಮ್ನೆ ಇರುತ್ತಾರಾ?

ಆ ಚರ್ಚಿನ ಬಾಗಿಲಲ್ಲಿ ನಿಂತು ತಲೆ ಎತ್ತಿದರೆ, ಕಿಟಕಿಯ ಕೆಳಗೆ ಒಂದು ಮರದ ಏಣಿ ಕಾಣುತ್ತದೆ. 18ನೇ ಶತಮಾನದಿಂದಲೂ ಏಣಿ ಅಲ್ಲೇ ಇದೆ. ಒಳಗೆ ಆರು ಪಂಗಡಗಳ ಪ್ರಾರ್ಥನೆ ನಡೆಯುತ್ತದೆ. ಎಲ್ಲರೂ ಒಪ್ಪದೆ ಏನನ್ನೂ ಕದಲಿಸುವ ಹಾಗಿಲ್ಲ, ಏಣಿಯನ್ನೂ. ಬೀಗದ ಕೈ ಮಾತ್ರ ಒಂದು ಮುಸ್ಲಿಂ ಮನೆತನದ ಬಳಿ ಇದೆ. ಬಾಗಿಲು ತೆಗೆಯುವವರು ಇನ್ನೊಂದು ಮುಸ್ಲಿಂ ಮನೆತನದವರು. ಕೇಳಿದರೆ ನಗು ಬರುತ್ತದೆ, ಆದರೆ ನಡೆಯುತ್ತಿದೆ ಅಲ್ವಾ? ಒಡೆತನ ಇಲ್ಲದೆಯೂ ಉಸ್ತುವಾರಿ ಸಾಧ್ಯ.

1947ರಲ್ಲಿ ಪ್ಯಾಲೆಸ್ಟೀನನ್ನು ಯಹೂದಿ ದೇಶ, ಅರಬ್ ದೇಶ ಎಂದು ಎರಡು ಮಾಡಲು ಹೊರಟ ವಿಶ್ವಸಂಸ್ಥೆಯ 181ನೇ ನಿರ್ಣಯ ಹೇಳಿದ್ದೂ ಇದನ್ನೇ: ಯಹೂದಿ ದೇಶಕ್ಕೂ ಬೇಡ, ಅರಬ್ ದೇಶಕ್ಕೂ ಬೇಡ, ಊರನ್ನು ನಾವೇ ನೋಡಿಕೊಳ್ಳುತ್ತೇವೆ. 1948ರ ಅರಬ್-ಇಸ್ರೇಲ್ ಯುದ್ಧದಲ್ಲಿ ಅದು ಕಾಗದದಲ್ಲೇ ಉಳಿಯಿತು. ಆಮೇಲೆ ಏನಾಯಿತು ನೋಡಿ. ಹಳೇ ಊರು ಜೋರ್ಡಾನ್ ಕೈಯಲ್ಲಿದ್ದ 19 ವರ್ಷ ಇಸ್ರೇಲಿನ ಯಹೂದಿಗಳಿಗೆ ಗೋಡೆಯ ಹತ್ತಿರ ಹೋಗಲು ಆಗಲಿಲ್ಲ. ಹೋಗಲು ಬಿಡಬೇಕೆಂದು 1949ರ ಕದನವಿರಾಮ ಒಪ್ಪಂದದಲ್ಲಿ ಬರೆದಿದ್ದರೂ. 1967ರಲ್ಲಿ ಇಸ್ರೇಲ್ ಅದನ್ನು ವಶಪಡಿಸಿಕೊಂಡಿತು. 1980ರಲ್ಲಿ ಇಡೀ ಊರೇ ತನ್ನ ರಾಜಧಾನಿ ಎಂದು ಕಾನೂನು ಮಾಡಿತು. ಭದ್ರತಾ ಮಂಡಳಿ ಆ ಕಾನೂನು ನಡೆಯುವುದಿಲ್ಲ ಎಂದಿತು. 2024ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ, ಪೂರ್ವ ಜೆರುಸಲೇಮ್ ಸೇರಿದಂತೆ 1967ರಲ್ಲಿ ವಶಪಡಿಸಿಕೊಂಡ ಪ್ಯಾಲೆಸ್ಟೀನಿಯರ ನೆಲದಲ್ಲಿ ಇಸ್ರೇಲ್ ಉಳಿದಿರುವುದೇ ಕಾನೂನುಬಾಹಿರ ಎಂದು ಅಭಿಪ್ರಾಯ ಕೊಟ್ಟಿತು. ಯಾರ ಕೈಗೆ ಕೊಟ್ಟರೂ ಜಗಳ ಮುಗಿದಿಲ್ಲ.

ವಿರೋಧ

ಏಣಿಯ ಕಥೆ ಚೆನ್ನಾಗಿದೆ. ಆದರೆ ಊರೆಂದರೆ ಬರೀ ಚರ್ಚು, ಮಸೀದಿ ಅಲ್ಲ. ಅಲ್ಲಿ ಸುಮಾರು 10 ಲಕ್ಷ ಜನ ಇದ್ದಾರೆ. ಕಸ ಎತ್ತಬೇಕು, ನಲ್ಲಿಯಲ್ಲಿ ನೀರು ಬರಬೇಕು, ಕಳ್ಳನನ್ನು ಹಿಡಿಯಬೇಕು. 1947ರ ಯೋಜನೆಯಲ್ಲಿ ಊರು ನೋಡಿಕೊಳ್ಳುವ ಗವರ್ನರ್ ಯಹೂದಿ ದೇಶದ ಪ್ರಜೆಯೂ ಆಗಿರಬಾರದು, ಅರಬ್ ದೇಶದ ಪ್ರಜೆಯೂ ಆಗಿರಬಾರದು ಎಂದೇ ಇತ್ತು. ಅಂದರೆ ಹೊರಗಿನವರೇ ಬರಬೇಕು. ಪೂರ್ವ ಭಾಗದ ಪ್ಯಾಲೆಸ್ಟೀನಿಯರಲ್ಲಿ ಜಾಸ್ತಿ ಜನಕ್ಕೆ ಈಗ ಇರುವುದು ವಾಸದ ಹಕ್ಕು ಮಾತ್ರ, ಪೌರತ್ವವಲ್ಲ. ಅವರಿಗೆ ಇನ್ನೊಬ್ಬ ದೊರೆ ಬೇಕೇ?

ಅದೇ 1947ರಲ್ಲಿ ಇಟಲಿ, ಯುಗೊಸ್ಲಾವಿಯ ನಡುವಿನ ಟ್ರಿಯೆಸ್ಟ್ ಎಂಬ ಊರಿನ ಮೇಲೂ ಇಂಥದ್ದೇ ಪ್ರಯೋಗ ನಡೆಯಿತು. ಗವರ್ನರ್ ಯಾರು ಎಂಬುದೇ ಬಗೆಹರಿಯಲಿಲ್ಲ. 1954ರಲ್ಲಿ ಎರಡೂ ದೇಶಗಳು ಪಾಲು ಮಾಡಿಕೊಂಡವು.

ಧರ್ಮದ ಮಾತಿಗೆ ಬಂದರೆ, ಅಲ್-ಅಕ್ಸಾ ಆವರಣ ನೋಡಿಕೊಳ್ಳುವುದು ಇಂದಿಗೂ ಜೋರ್ಡಾನಿನ ವಕ್ಫ್. ಯಹೂದಿಗಳ ಪುರಾತನ ದೇವಾಲಯ ಇದ್ದ ಪವಿತ್ರ ಜಾಗವೂ ಅದೇ. ಆ ಆವರಣದ ದ್ವಾರದ ಬಳಿ ಇಸ್ರೇಲಿನ ಮುಖ್ಯ ರಬ್ಬಿಗಳ (ಯಹೂದಿ ಧರ್ಮಗುರುಗಳ) ಹೆಸರಿನಲ್ಲೇ ಒಂದು ಫಲಕ ಇದೆ: ಯಹೂದಿಗಳು ಒಳಗೆ ಹೋಗುವುದು ಧರ್ಮಕ್ಕೆ ನಿಷಿದ್ಧ. ಆದರೂ ಹೋಗುವವರಿದ್ದಾರೆ, ಮಂತ್ರಿಗಳೂ ಹೋಗಿದ್ದಾರೆ. ನನಗಂತೂ ಇದು ಪೂಜೆಯ ಜಗಳ ಅನ್ನಿಸುವುದಿಲ್ಲ, ಬಾವುಟದ್ದು.

ಇನ್ನು ಆ 2024ರ ಅಭಿಪ್ರಾಯ. ಅದು ಊರನ್ನು ವಿಶ್ವಸಂಸ್ಥೆಗೆ ಒಪ್ಪಿಸಿ ಎನ್ನಲಿಲ್ಲ. ಪ್ಯಾಲೆಸ್ಟೀನಿಯರಿಗೆ ತಮ್ಮ ದಾರಿ ತಾವೇ ಆರಿಸಿಕೊಳ್ಳುವ ಹಕ್ಕಿದೆ ಎಂದಿತು. ವಿಶ್ವಸಂಸ್ಥೆಯ ಕೈಲಿ ಎಷ್ಟಾಗುತ್ತದೆ ಎಂಬುದೂ ಗೊತ್ತಿರುವುದೇ. 2017ರಲ್ಲಿ ಅಮೆರಿಕ ಜೆರುಸಲೇಮನ್ನು ಇಸ್ರೇಲಿನ ರಾಜಧಾನಿ ಎಂದಾಗ, ಭಾರತವೂ ಸೇರಿ 128 ದೇಶಗಳು ಇದು ಸರಿಯಲ್ಲ ಎಂದು ಮತ ಹಾಕಿದವು. ಮುಂದಿನ ಮೇ ತಿಂಗಳಲ್ಲಿ ಅಮೆರಿಕದ ರಾಯಭಾರ ಕಚೇರಿ ಅಲ್ಲಿ ಬಾಗಿಲು ತೆರೆಯಿತು.