ಜ್ಞಾನತಂದೆ, ಜ್ಞಾನತಾಯಿಗೆ ಅರ್ಹತಾ ಪತ್ರ ಕಡ್ಡಾಯವಾಗಬೇಕೇ? ಪರ-ವಿರೋಧ

ಮಗುವಿನ ಜ್ಞಾನಸ್ನಾನಕ್ಕೆ (ಬ್ಯಾಪ್ಟಿಸಂ) ಜ್ಞಾನತಂದೆ, ಜ್ಞಾನತಾಯಿಯಾಗಿ ನಿಂತು ಮಗುವಿನ ವಿಶ್ವಾಸದ ಹೊಣೆ ಹೊರುವವರು ತಮ್ಮ ಸ್ವಂತ ಧರ್ಮಕೇಂದ್ರದ (ಪ್ಯಾರಿಷ್) ಗುರುಗಳಿಂದ (ಪಾದ್ರಿ) ಅರ್ಹತಾ ಪತ್ರ ತರಬೇಕೆಂದು ಹಲವು ಕಥೋಲಿಕ ಚರ್ಚುಗಳು ಕೇಳುತ್ತವೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆತನಗಳಲ್ಲಿ ತಂದೆಯ ಕಡೆಯವರು ಕಥೋಲಿಕರು, ತಾಯಿಯ ತವರು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟಂಟ್ ಸಭೆ) ಎಂಬುದು ಅಪರೂಪವಲ್ಲ. ಒಬ್ಬ ಕಾಕಾ ರೈಲ್ವೆ ನೌಕರಿಯಲ್ಲಿ ಗುಂತಕಲ್, ಲೋಂಡಾ ಎಂದು ತಿರುಗಿದವರು, ಇನ್ನೊಬ್ಬರು ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋದವರು. ಇಂಥ ಕಡೆ ಆ ಪತ್ರವನ್ನು ಕಡ್ಡಾಯ ಮಾಡುವುದು ಸರಿಯೇ?

ಪರ: ನೀರು ಬೀಳುವ ಮೊದಲೇ ವಿಚಾರಿಸಬೇಕು

ಕಥೋಲಿಕ ಸಭೆಯ ಕಾನೂನು ಸಂಹಿತೆಯ ಕಲಮಿಗೆ ಕ್ಯಾನನ್ ಎನ್ನುತ್ತಾರೆ. ಕ್ಯಾನನ್ 874 ಇಟ್ಟಿರುವ ಷರತ್ತುಗಳೇನೂ ಬಹಳ ಇಲ್ಲ. ನಿಲ್ಲುವವರನ್ನು ಮಗುವಿನ ತಂದೆ-ತಾಯಿ ಆರಿಸಿರಬೇಕು, ಅವರಿಗೆ ಆ ಹೊಣೆ ಹೊರುವ ಯೋಗ್ಯತೆಯೂ ಮನಸ್ಸೂ ಇರಬೇಕು. ಹದಿನಾರು ವರ್ಷ ತುಂಬಿರಬೇಕು. ಕಥೋಲಿಕರಾಗಿ, ದೃಢೀಕರಣವನ್ನೂ (ವಿಶ್ವಾಸವನ್ನು ಗಟ್ಟಿಗೊಳಿಸುವ ಸಂಸ್ಕಾರ) ಪರಮಪ್ರಸಾದವನ್ನೂ (ಕಮ್ಯುನಿಯನ್) ಪಡೆದು, ಹೊರಲಿರುವ ಹೊಣೆಗೆ ತಕ್ಕ ವಿಶ್ವಾಸದ ಬಾಳು ನಡೆಸುತ್ತಿರಬೇಕು. ಧರ್ಮಸಭೆ ವಿಧಿಸಿದ ಇಲ್ಲವೇ ಘೋಷಿಸಿದ ಶಿಕ್ಷೆ ಅವರ ಮೇಲೆ ಇರಬಾರದು. ಹೆತ್ತವರೇ ನಿಲ್ಲುವಂತಿಲ್ಲ. ಇವುಗಳಲ್ಲಿ ವಯಸ್ಸಿನ ವಿಷಯದಲ್ಲಿ ಮಾತ್ರ, ತಕ್ಕ ಕಾರಣವಿದ್ದರೆ, ಗುರುಗಳು ತಾವೇ ವಿನಾಯಿತಿ ಕೊಡಬಹುದು. ಉಳಿದವು ಅವರ ಕೈಯಲ್ಲಿಲ್ಲ.

ಹಳೆಯ ಕಾನೂನಿನಲ್ಲಿ ಈ ನಂಟಿಗೆ ಇನ್ನೊಂದು ಬೇಲಿ ಇತ್ತು. 1917ರ ಸಂಹಿತೆ ಹದಿನಾಲ್ಕನೆಯ ವರ್ಷಕ್ಕೆ ಕಾಲಿಟ್ಟವರನ್ನೂ ಒಪ್ಪುತ್ತಿತ್ತು. ಆದರೆ ಜ್ಞಾನಸ್ನಾನದಿಂದ ಹುಟ್ಟುವ ಆಧ್ಯಾತ್ಮಿಕ ಬಂಧುತ್ವವನ್ನು ಅದು ಮದುವೆಗೇ ಅಡ್ಡಿಯೆಂದು ಎಣಿಸಿತ್ತು. ತಾನು ಎತ್ತಿಕೊಂಡು ನಿಂತ ಮಗಳನ್ನು ಜ್ಞಾನತಂದೆ ಮುಂದೆ ಮದುವೆಯಾಗುವಂತಿರಲಿಲ್ಲ. 1983ರ ನವೆಂಬರ್ 27ರಂದು ಜಾರಿಗೆ ಬಂದ ಈಗಿನ ಸಂಹಿತೆ ಆ ಅಡ್ಡಿಯನ್ನು ತೆಗೆದು ವಯಸ್ಸನ್ನು ಏರಿಸಿತು. ಈಗ ಈ ನಂಟನ್ನು ಕಾಯುವುದು ನಿಲ್ಲುವವರ ಯೋಗ್ಯತೆ ಒಂದೇ. ಅದನ್ನೂ ನೋಡದೆ ಬಿಟ್ಟರೆ ಉಳಿಯುವುದು ಬೆಳ್ಳಿ ಕಡಗ ಮತ್ತು ಫೋಟೊ.

ಹೇಗೆ ನೋಡುವುದು? ಬೇರೆ ಊರಿನಿಂದ ಬಂದವರನ್ನು ಇಲ್ಲಿಯ ಗುರುಗಳು ಬಲ್ಲರೇ? ಮೊದಲ ದಾರಿ ಜ್ಞಾನಸ್ನಾನದ ದಾಖಲೆಯ ಹೊಸ ನಕಲು. ಹತ್ತು ವರ್ಷದ ಹಿಂದೆ ತೆಗೆಸಿ ಲ್ಯಾಮಿನೇಟ್ ಮಾಡಿಸಿಟ್ಟ ಸರ್ಟಿಫಿಕೇಟಿನಿಂದ ಕೆಲಸವಾಗದು. ಕ್ಯಾನನ್ 535ರ ಪ್ರಕಾರ ದೃಢೀಕರಣ, ಮದುವೆ, ಗುರುದೀಕ್ಷೆ ಮೊದಲಾದವನ್ನೆಲ್ಲ ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಅದೇ ಹೆಸರಿನ ಎದುರಿಗೆ ಬರೆಯಬೇಕು. ದಪ್ಪ ರಟ್ಟಿನ ಆ ಪುಸ್ತಕದಲ್ಲಿ ಮಗುವಿನ ಹೆಸರು, ಹೆತ್ತವರು, ನಿಂತವರು, ಹುಟ್ಟಿದ ಮತ್ತು ಜ್ಞಾನಸ್ನಾನವಾದ ದಿನ, ಸ್ಥಳ ಒಂದೇ ಸಾಲಿಗೆ ಬರುತ್ತವೆ. ತುದಿಯ ಷರಾ ಅಂಕಣದಲ್ಲಿ, ಬೇರೆ ಬೇರೆ ಶಾಯಿಯಲ್ಲಿ, ಬೇರೆ ಬೇರೆ ಗುರುಗಳ ಕೈಬರಹದಲ್ಲಿ, ಆ ಮಗು ಬೆಳೆದಂತೆಲ್ಲ ಆದದ್ದು ಸೇರುತ್ತ ಹೋಗುತ್ತದೆ. ಹೊಸ ನಕಲು ತರಿಸಿದರೆ ದೃಢೀಕರಣ ಆಗಿದೆಯೋ ಇಲ್ಲವೋ, ಚರ್ಚಿನಲ್ಲಿ ಮದುವೆಯಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಆದರೆ ಆ ಪುಟಕ್ಕೂ ಕಾಣದ ಸಂಗತಿಗಳಿವೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾತ್ರ ಆದ ಮದುವೆ ಅಲ್ಲಿ ಬರುವುದಿಲ್ಲ. ಪೂಜೆಗೆ ಬರುವುದನ್ನು ಬಿಟ್ಟು ಬೇರೆ ಪ್ರಾರ್ಥನಾ ಗುಂಪು ಸೇರಿದ್ದರೆ ಅದೂ ಬರುವುದಿಲ್ಲ. ಅದನ್ನು ಬಲ್ಲವರು ಆ ವ್ಯಕ್ತಿಯ ಸ್ವಂತ ಧರ್ಮಕೇಂದ್ರದ ಗುರುಗಳು. ಅವರ ಸಹಿ, ಮೊಹರು, ದಿನಾಂಕವಿರುವ ನಾಲ್ಕು ಸಾಲು ಸಾಕು: ಹೆಸರು, ದೃಢೀಕರಣವಾದ ದಿನ, ವೈವಾಹಿಕ ಸ್ಥಿತಿ, ಸಂಸ್ಕಾರಗಳಲ್ಲಿ ಪಾಲುಗೊಳ್ಳುತ್ತಾರೆಂಬ ಮಾತು.

ಈ ಭಾಗಕ್ಕೇ ವಿಶೇಷವಾದ ತೊಡಕು ಇನ್ನೊಂದಿದೆ. ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಆ ಸಭೆಗಳ ಮಕ್ಕಳು-ಮೊಮ್ಮಕ್ಕಳು ಇಂದು ಸಿಎಸ್‌ಐ. ಮಗುವಿನ ಸೋದರಮಾವ ಸಿಎಸ್‌ಐ ಆಗಿದ್ದರೆ ಮೊದಲು ಬರುವ ಹೆಸರು ಅವರದೇ. ಅವರ ಜ್ಞಾನಸ್ನಾನ ನೀರಿನಿಂದ, ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ) ಹೆಸರಿನಲ್ಲಿ ಆಗಿರುವುದರಿಂದ ಕಥೋಲಿಕ ಸಭೆ ಅದನ್ನು ಮಾನ್ಯ ಮಾಡುತ್ತದೆ. ಆದರೂ ಅವರು ಜ್ಞಾನತಂದೆಯಾಗುವಂತಿಲ್ಲ. ಒಬ್ಬ ಕಥೋಲಿಕ ಜ್ಞಾನತಂದೆ ಅಥವಾ ಜ್ಞಾನತಾಯಿಯ ಜೊತೆಗೆ ಸಾಕ್ಷಿಯಾಗಿ ನಿಲ್ಲಬಹುದು. ಇದಕ್ಕೆ ಕಾರಣವನ್ನು ಕ್ರೈಸ್ತ ಐಕ್ಯತೆಯ ಕುರಿತು ವ್ಯಾಟಿಕನ್ 1993ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ: ಇಲ್ಲಿ ನಿಲ್ಲುವವರು ಬರೀ ನೆಂಟರಾಗಿ ನಿಲ್ಲುವುದಿಲ್ಲ, ಆ ವಿಶ್ವಾಸದ ಸಮುದಾಯದ ಪ್ರತಿನಿಧಿಯಾಗಿ ನಿಲ್ಲುತ್ತಾರೆ. ಇದನ್ನು ತಿಂಗಳು ಮೊದಲೇ ಹೇಳಿದರೆ ಯಾರಿಗೂ ನೋವಿಲ್ಲ. ಆಮಂತ್ರಣದ ಕಾರ್ಡಿನಲ್ಲಿ ಮಾವನ ಹೆಸರು ಜ್ಞಾನತಂದೆ ಎಂದು ಅಚ್ಚಾಗಿ, ಹಾಲ್ ಬುಕ್ ಆಗಿ, ಬಿರಿಯಾನಿಗೆ ಹೇಳಿ, ಶನಿವಾರ ಸಂಜೆ ಚರ್ಚಿನ ಆಫೀಸಿಗೆ ಬಂದಾಗ ಹೇಳಿದರೆ ಎರಡು ಮನೆತನಗಳ ನಡುವೆ ವರ್ಷಗಟ್ಟಲೆ ಉಳಿಯುವ ಮುನಿಸಾಗುತ್ತದೆ. ಪತ್ರ ಕೇಳುವ ಪದ್ಧತಿಯ ದೊಡ್ಡ ಲಾಭ ಇದೇ. ಕಾರ್ಡು ಅಚ್ಚಾಗುವ ಮೊದಲೇ ಮಾತು ಆಗುತ್ತದೆ.

ವಿಧಿಯನ್ನೇ ನೋಡಿ. ಜ್ಞಾನಸ್ನಾನದ ತೊಟ್ಟಿಯ ಹತ್ತಿರ ಹೆತ್ತವರ ಜೊತೆಗೆ ನಿಂತವರೂ ಸೈತಾನನನ್ನು ತಿರಸ್ಕರಿಸಬೇಕು, ವಿಶ್ವಾಸವನ್ನು ಬಾಯಿಬಿಟ್ಟು ಒಪ್ಪಬೇಕು. ಹೆತ್ತವರಿಗೆ ನೆರವಾಗಲು ಸಿದ್ಧರಿದ್ದೀರಾ ಎಂಬ ಪ್ರಶ್ನೆ ನೇರವಾಗಿ ಅವರಿಗೇ ಬರುತ್ತದೆ. ಈ ಉತ್ತರವನ್ನು ಮನಸಾರೆ ಕೊಡಲಾಗದವರನ್ನು ಅಲ್ಲಿ ನಿಲ್ಲಿಸುವುದು ಅವರಿಗೂ ಅನ್ಯಾಯ.

ಸಡಿಲ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಟಲಿಯ ಕತಾನಿಯಾ ಉದಾಹರಣೆ. ನಿಲ್ಲುವುದು ಬರೀ ಸಾಮಾಜಿಕ ಶಾಸ್ತ್ರವಾಗಿಬಿಟ್ಟಿದೆ ಎಂದು ಆ ಮಹಾಧರ್ಮಪ್ರಾಂತ್ಯ 2021ರ ಅಕ್ಟೋಬರಿನಿಂದ ಮೂರು ವರ್ಷದ ಪ್ರಯೋಗವಾಗಿ ಜ್ಞಾನತಂದೆ-ತಾಯಿಯ ಪದ್ಧತಿಯನ್ನೇ ನಿಲ್ಲಿಸಿತು. 2023ರ ಅಕ್ಟೋಬರ್ 31ರಂದು, ಬ್ರೆಜಿಲಿನ ಧರ್ಮಾಧ್ಯಕ್ಷರೊಬ್ಬರ (ಬಿಷಪ್) ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ, ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತದ ಇಲಾಖೆಯೂ ಹೀಗೆ ನಿಲ್ಲುವುದು ಯಾರ ಹಕ್ಕೂ ಅಲ್ಲ ಎಂದಿತು.

ವಿಚಾರಿಸಿದಾಗ ಕೆಲವೊಮ್ಮೆ ಒಳ್ಳೆಯದೂ ಆಗುತ್ತದೆ. ರಿಜಿಸ್ಟರ್ ಮದುವೆಯಾಗಿ ಸುಮ್ಮನಿದ್ದವರಿಗೆ ಕ್ಯಾನನ್ 1160ರ ದಾರಿಯಲ್ಲಿ, ಸಭೆಯ ವಿಧಿಯಂತೆ, ಮದುವೆಯನ್ನು ಸರಿಪಡಿಸಿಕೊಳ್ಳಬಹುದೆಂದು ಮೊದಲ ಬಾರಿ ಗೊತ್ತಾಗುವುದು ಇಂಥ ಹೊತ್ತಿನಲ್ಲೇ. ದೃಢೀಕರಣ ತಪ್ಪಿಹೋದವರಿಗೂ ಅಷ್ಟೇ. ಯಾರೂ ಕೇಳದಿದ್ದರೆ ಅವರು ಹಾಗೆಯೇ ಉಳಿಯುತ್ತಾರೆ.

ವಿರೋಧ: ಕಾನೂನು ಕೇಳುವುದು ಯೋಗ್ಯತೆಯನ್ನು, ಚೀಟಿಯನ್ನಲ್ಲ

ಕ್ಯಾನನ್ 874ರ ಷರತ್ತುಗಳ ಬಗ್ಗೆ ತಕರಾರಿಲ್ಲ. ಅವು ಇರಬೇಕು, ಪಾಲಿಸಬೇಕು. ತಕರಾರು ಇರುವುದು ಆ ಕ್ಯಾನನ್ನಿನಲ್ಲಿ ಎಲ್ಲೂ ಇಲ್ಲದ ಆರನೆಯ ಷರತ್ತೊಂದನ್ನು, ಅಂದರೆ ಮೊಹರು ಹಾಕಿದ ಕಾಗದವನ್ನು, ಸೇರಿಸಿ ಅದಿಲ್ಲದಿದ್ದರೆ ದಿನಾಂಕವನ್ನೇ ಕೊಡದಿರುವುದರ ಬಗ್ಗೆ.

ನಿಲ್ಲುವುದು ಹಕ್ಕಲ್ಲ, ಸರಿ. ಮಗುವಿಗೆ ಜ್ಞಾನಸ್ನಾನ? ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಮಾಡಿಸಬೇಕೆಂದು ಕ್ಯಾನನ್ 867 ಹೆತ್ತವರ ಮೇಲೆ ಹೊಣೆ ಹೊರಿಸುತ್ತದೆ. ಕ್ಯಾನನ್ 868 ಕೇಳುವುದು ಎರಡನ್ನು: ಹೆತ್ತವರಲ್ಲಿ ಒಬ್ಬರಾದರೂ ಒಪ್ಪಿರಬೇಕು, ಮಗು ಕಥೋಲಿಕ ವಿಶ್ವಾಸದಲ್ಲಿ ಬೆಳೆಯುತ್ತದೆಂಬ ಭರವಸೆಗೆ ಆಧಾರವಿರಬೇಕು. ಮುಂದೂಡಬಹುದಾದದ್ದು ಆ ಭರವಸೆ ಪೂರ್ತಿ ಇಲ್ಲದಾಗ ಮಾತ್ರ. ಕಾಕಾನ ಚೀಟಿ ಬಂದಿಲ್ಲ ಎಂಬುದು ಅಲ್ಲಿ ಕಾರಣವಾಗಿಲ್ಲ. ಜ್ಞಾನತಂದೆ-ತಾಯಿ ಇರಬೇಕೆಂದು ಹೇಳುವ ಕ್ಯಾನನ್ 872 ಕೂಡ ಆದಷ್ಟು ಮಟ್ಟಿಗೆ ಎಂದಷ್ಟೇ ಹೇಳುತ್ತದೆ. ಒಬ್ಬರೂ ಇಲ್ಲದಿದ್ದರೆ ಜ್ಞಾನಸ್ನಾನವಾದದ್ದಕ್ಕೆ ಕನಿಷ್ಠ ಒಬ್ಬ ಸಾಕ್ಷಿ ಇರಲಿ ಎನ್ನುತ್ತದೆ 875. ನಿಂತವರು ಅರ್ಹರಲ್ಲದಿದ್ದರೂ ಮಗುವಿನ ಜ್ಞಾನಸ್ನಾನ ಸಿಂಧುವೇ. ಚೀಟಿಗಾಗಿ ತಿಂಗಳುಗಟ್ಟಲೆ ಕಾಯಿಸಿದರೆ, ಅಷ್ಟು ಮುಖ್ಯವಲ್ಲದ್ದಕ್ಕಾಗಿ ಬಹಳ ಮುಖ್ಯವಾದದ್ದನ್ನು ತಡೆದಂತಾಗುತ್ತದೆ.

ಚೀಟಿ ಯಾರಿಗೆ ಸಿಗುವುದಿಲ್ಲ ಎಂಬುದನ್ನು ನೋಡಬೇಕು. ನೌಕರಿಯವರಿಗೆ ಸಿಗುತ್ತದೆ. ಅವರ ಹೆಸರು ಧರ್ಮಕೇಂದ್ರದ ಕುಟುಂಬ ಪಟ್ಟಿಯಲ್ಲಿದೆ, ಆಫೀಸಿನ ವೇಳೆ ಗೊತ್ತು, ವಾಟ್ಸ್ಆ್ಯಪ್‌ನಲ್ಲಿ ಫಾದರ್‌ಗೆ ಬರೆದರೆ ಆಯಿತು. ಸಿಗದಿರುವುದು ಹಾವೇರಿ, ಗದಗ ಜಿಲ್ಲೆಗಳ ಹಳ್ಳಿಗಳಿಂದ ಗೋವಾಕ್ಕೆ ದುಡಿಯಲು ಹೋದವರಿಗೆ. ಅಲ್ಲಿ ಬಾಡಿಗೆ ಖೋಲಿ ವರ್ಷಕ್ಕೊಮ್ಮೆ ಬದಲಾಗುತ್ತದೆ. ಭಾನುವಾರ ಹತ್ತಿರದ ಚರ್ಚಿಗೆ ಹೋಗಿ ಕೊಂಕಣಿ ಪೂಜೆಯಲ್ಲಿ ಹಿಂದಿನ ಬೆಂಚಿನಲ್ಲಿ ನಿಂತು ಬರುತ್ತಾರೆ. ಅಲ್ಲಿಯ ಪಟ್ಟಿಯಲ್ಲಿ ಹೆಸರಿಲ್ಲ. ಊರಿನ ಗುರುಗಳು, ನೀವು ಈಗ ಇಲ್ಲಿಲ್ಲವಲ್ಲ, ಅಲ್ಲೇ ಕೇಳಿ ಎನ್ನುತ್ತಾರೆ. ಅಲ್ಲಿಯವರು, ನಿಮ್ಮನ್ನು ನಾವು ಅರಿಯೆವು ಎನ್ನುತ್ತಾರೆ. ಇಬ್ಬರ ಮಾತೂ ನಿಜ. ವಿಶ್ವಾಸದಲ್ಲಿ ಯಾವ ಕೊರತೆಯೂ ಇಲ್ಲದ ಮನುಷ್ಯ ಕಾಗದದಲ್ಲಿ ಮಾತ್ರ ಅನರ್ಹನಾಗುತ್ತಾನೆ.

ಇದಕ್ಕಿಂತ ಕೆಟ್ಟದ್ದು ವಂತಿಗೆಯ ಬಾಕಿ. ಧರ್ಮಕೇಂದ್ರದ ವಾರ್ಷಿಕ ವಂತಿಗೆ ಕಟ್ಟದವರಿಗೆ ಆಫೀಸಿನಲ್ಲಿ ಚೀಟಿ ತಡೆಯುವ ಅಭ್ಯಾಸ ಎಲ್ಲಿ ಬೆಳೆಯುತ್ತದೋ ಅಲ್ಲಿ ಅರ್ಹತೆಯೆಂದರೆ ರಸೀದಿ ಎಂದಾಗುತ್ತದೆ. ಬಡತನದ ಕಾರಣಕ್ಕೆ ಯಾರೂ ಸಂಸ್ಕಾರಗಳ ನೆರವಿನಿಂದ ವಂಚಿತರಾಗಬಾರದೆಂದು ಕ್ಯಾನನ್ 848 ಸ್ಪಷ್ಟವಾಗಿ ಹೇಳಿದೆ. ಚೀಟಿ ಕಡ್ಡಾಯವಾದಲ್ಲೆಲ್ಲ ಈ ತಪ್ಪು ನುಸುಳಲು ಬಾಗಿಲು ತೆರೆದಿರುತ್ತದೆ.

ಆ ಸಹಿಯಾದರೂ ಏನನ್ನು ಸಾಬೀತು ಮಾಡುತ್ತದೆ? ಗುರುಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಹುಬ್ಬಳ್ಳಿಯಂಥ ಊರಿನಲ್ಲಿ ಕನ್ನಡ, ಕೊಂಕಣಿ, ತಮಿಳು, ಇಂಗ್ಲಿಷ್ ಮಾತಾಡುವ ಕುಟುಂಬಗಳಿವೆ. ಹೊಸದಾಗಿ ಬಂದ ಗುರುಗಳು ಒಬ್ಬೊಬ್ಬರ ಬಾಳನ್ನು ಬಲ್ಲರೆಂದು ಭಾವಿಸಲಾಗದು. ಅವರು ಪಟ್ಟಿ ನೋಡಿ ಸಹಿ ಮಾಡುತ್ತಾರೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮದುವೆ ಆ ಪತ್ರಕ್ಕೂ ಕಾಣದೆ ಹೋಗಬಹುದು. ಕಾನೂನು ಸ್ವತಃ ಇಷ್ಟು ಸಂಶಯ ಪಡುವುದಿಲ್ಲ. ಕ್ಯಾನನ್ 876ರ ಪ್ರಕಾರ, ಯಾರ ಹಿತಕ್ಕೂ ಧಕ್ಕೆಯಾಗದಿದ್ದರೆ, ಒಬ್ಬರಿಗೆ ಜ್ಞಾನಸ್ನಾನ ಆಗಿದೆ ಎಂಬುದನ್ನೇ ನಂಬಲರ್ಹ ಸಾಕ್ಷಿಯೊಬ್ಬರ ಮಾತಿನಿಂದ ಒಪ್ಪಬಹುದು. ದೊಡ್ಡವರಾದ ಮೇಲೆ ಪಡೆದದ್ದಾದರೆ ಅವರ ಸ್ವಂತ ಪ್ರಮಾಣವೇ ಸಾಕು. ಸಂಸ್ಕಾರಕ್ಕೇ ಮಾತು ಸಾಕಾಗುವಾಗ ಪಕ್ಕದಲ್ಲಿ ನಿಲ್ಲುವುದಕ್ಕೆ ಮೊಹರು ಯಾಕೆ?

ದೃಢೀಕರಣದ ಮಾತಿಗೆ ಬರೋಣ. ಇದನ್ನು ಸಾಮಾನ್ಯವಾಗಿ ಕೊಡುವವರು ಧರ್ಮಾಧ್ಯಕ್ಷರು. ಧಾರವಾಡ ಸೀಮೆ 1953ರಲ್ಲಿ ರಚನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಸಣ್ಣ ಧರ್ಮಕೇಂದ್ರಗಳಿಗೆ ಅವರು ಪ್ರತಿ ವರ್ಷ ಬರಲಾಗದು. ಬಂದ ವರ್ಷ ಹುಡುಗ ಹಾಸ್ಟೆಲಿನಲ್ಲೋ ಸುಗ್ಗಿಯ ಕೂಲಿಯಲ್ಲೋ ಇದ್ದರೆ ತಪ್ಪಿತು. ಮೂವತ್ತರ ವಯಸ್ಸಿನಲ್ಲಿ ತಂಗಿಯ ಮಗುವಿಗೆ ನಿಲ್ಲಲು ಹೋದಾಗ ನಿಮಗೆ ಅರ್ಹತೆ ಇಲ್ಲ ಎಂಬ ಉತ್ತರ ಬರುತ್ತದೆ. ಪರವಾಗಿ ಬರೆದವರು ಇದನ್ನು ಒಳ್ಳೆಯ ಅವಕಾಶ ಎನ್ನುತ್ತಾರೆ. ನಿಜಕ್ಕೂ ಅವಕಾಶವಾಗಬೇಕಾದರೆ ಕ್ಯಾನನ್ 884ರಂತೆ ಆ ಊರಿನ ಗುರುಗಳಿಗೇ ದೃಢೀಕರಣ ಕೊಡುವ ಅಧಿಕಾರವನ್ನು ಧರ್ಮಾಧ್ಯಕ್ಷರು ಕೊಡಬೇಕು, ಒಂದೆರಡು ವಾರಗಳ ಸಿದ್ಧತೆಯಲ್ಲಿ ಅದು ನಡೆಯಬೇಕು. ಅದಿಲ್ಲದೆ ಚೀಟಿಯಷ್ಟನ್ನೇ ನಿರಾಕರಿಸಿದರೆ ಆತ ಮತ್ತೆ ಚರ್ಚಿನ ಕಡೆ ತಲೆ ಹಾಕುವುದೇ ಕಷ್ಟ.

ನಿರಾಕರಣೆ ಗುಟ್ಟಾಗಿಯೂ ಉಳಿಯುವುದಿಲ್ಲ. ಚೀಟಿ ತರದವರ ಹೆಸರು ಕಾರ್ಡಿನಿಂದ ಬಿದ್ದ ಕೂಡಲೇ ಅವರ ಮದುವೆಯಲ್ಲಿ ಏನೋ ಇದೆ ಎಂದು ಬಂಧು-ಬಳಗ ಮಾತಾಡತೊಡಗುತ್ತದೆ. ಒಬ್ಬರ ಒಳ್ಳೆಯ ಹೆಸರಿಗೆ ಅಕ್ರಮವಾಗಿ ಧಕ್ಕೆ ತರಬಾರದೆಂಬ ಕ್ಯಾನನ್ 220 ಇಲ್ಲಿ ನೆನಪಾಗಬೇಕು. ವಿಚ್ಛೇದನವಾಗಿ ಮತ್ತೆ ಮದುವೆಯಾದವರನ್ನು ಸಭೆಯ ಯಾವ ಯಾವ ಸೇವೆಗಳಿಂದ ಹೊರಗಿಟ್ಟಿದ್ದೇವೆ, ಅವುಗಳಲ್ಲಿ ಯಾವುದನ್ನು ಮೀರಬಹುದು ಎಂದು ವಿವೇಚಿಸಿ ನೋಡಬೇಕೆಂದು ಪೋಪ್ ಫ್ರಾನ್ಸಿಸ್ 2016ರ ಅಮೋರಿಸ್ ಲೆತಿತ್ಸಿಯಾ ಎಂಬ ಪ್ರಬೋಧನ ಪತ್ರದಲ್ಲಿ ಬರೆದರು. ಅಂಥ ವಿವೇಚನೆ ಎದುರು-ಬದುರು ಕೂತು ಮಾತಾಡಿದಾಗ ಆಗುವಂಥದು. ಹೌದು, ಇಲ್ಲ ಎಂದು ಗುರುತು ಹಾಕುವ ಫಾರ್ಮಿನಲ್ಲಿ ಅದಕ್ಕೆ ಜಾಗವಿಲ್ಲ.

ಸಿಎಸ್‌ಐ ಮಾವನ ವಿಷಯಕ್ಕೆ ಪತ್ರದ ಅಗತ್ಯವೇ ಬೀಳುವುದಿಲ್ಲ. ಹೆಸರು ಬರೆಸಲು ಬಂದ ಹೆತ್ತವರನ್ನು, ಮಾವ ಯಾವ ಚರ್ಚಿನವರು ಎಂದು ಕೇಳಿದರೆ ಮುಗಿಯಿತು. ಕ್ಯಾನನ್ 873ರಂತೆ ನಿಲ್ಲಲು ಒಬ್ಬರೇ ಸಾಕು, ಗಂಡಾದರೂ ಸರಿ, ಹೆಣ್ಣಾದರೂ ಸರಿ. ಇಬ್ಬರಾದರೆ ಒಬ್ಬರು ಗಂಡು, ಒಬ್ಬರು ಹೆಣ್ಣು. ಅಂದರೆ ತಂದೆಯ ಕಡೆಯ ಕಥೋಲಿಕ ಅತ್ತಿ ಜ್ಞಾನತಾಯಿಯಾಗಿ, ಮಾವ ಸಾಕ್ಷಿಯಾಗಿ ಜೊತೆಗೇ ನಿಲ್ಲಬಹುದು. ಸಾಕ್ಷಿಯ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆಯಬೇಕೆಂದು ಕ್ಯಾನನ್ 877 ಹೇಳುತ್ತದೆ. ಇದನ್ನು ಗೌರವದಿಂದ ತಿಳಿಸಿ ಹೇಳಿದರೆ ಮಾವನಿಗೆ ಬೇಸರವಾಗುವ ಕಾರಣವಿಲ್ಲ.

ಹಾಗಾದರೆ ಏನು ಮಾಡಬೇಕು? ಹೆಸರು ಬರೆಸಿದ ದಿನವೇ ಗುರುಗಳು ನಿಲ್ಲುವವರ ಜೊತೆ ಮಾತಾಡಲಿ, ದೂರದಲ್ಲಿದ್ದರೆ ಫೋನಿನಲ್ಲಿ. ದೃಢೀಕರಣ ಎಲ್ಲಿ ಆಯಿತು, ಮದುವೆ ಯಾವ ಚರ್ಚಿನಲ್ಲಿ, ಪರಮಪ್ರಸಾದಕ್ಕೆ ಹೋಗುತ್ತೀರಾ ಎಂಬ ಮೂರು ಪ್ರಶ್ನೆಗಳಿಂದ ಹೆಚ್ಚಿನದೆಲ್ಲ ತಿಳಿಯುತ್ತದೆ. ಅವರು ಹೇಳಿದ್ದನ್ನು ಬರೆದು, ಜ್ಞಾನಸ್ನಾನದ ಮೊದಲು ಅವರಿಂದಲೇ ಸಹಿ ಮಾಡಿಸಿಕೊಳ್ಳಲಿ. ಹಳ್ಳಿಯವರಾದರೆ ಅಲ್ಲಿ ಧರ್ಮ ಕಲಿಸುವ ಉಪದೇಶಿಯನ್ನು ಕೇಳಲಿ. ಯಾರು ಪೂಜೆಗೆ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ಎಷ್ಟೋ ಕಡೆ ಗುರುಗಳಿಗಿಂತ ಚೆನ್ನಾಗಿ ಅವರಿಗೇ ಗೊತ್ತಿರುತ್ತದೆ. ನಿಜವಾದ ಸಂಶಯ ಬಂದಲ್ಲಿ ಮಾತ್ರ ರಿಜಿಸ್ಟರಿನ ಹೊಸ ನಕಲನ್ನು ತರಿಸಲಿ, ಅದನ್ನೂ ಒಂದು ಚರ್ಚಿನ ಆಫೀಸು ಇನ್ನೊಂದಕ್ಕೆ ನೇರವಾಗಿ ಕಳಿಸಲಿ. ಆ ಕಾಗದಕ್ಕಾಗಿ ಕೂಲಿಯವನು ಎರಡು ದಿನದ ಪಗಾರ ಕಳಕೊಂಡು ಬಸ್ಸು ಹತ್ತುವಂತಾಗಬಾರದು.