ಕಾರು ಹತ್ತಿ ಹೊರಟ ಪಾದ್ರಿ

ಫಾದರ್ ಜಾನ್ ಬ್ರೂಕ್ಸ್ ಬಗ್ಗೆ ನೀವು ಬರೆದ ಲೇಖನ ಓದಿ ಖುಷಿಯಾಯ್ತು. ಆದರೆ ಅವರು ಅಮೆರಿಕದ ವೂಸ್ಟರ್‌ನ ಹೋಲಿ ಕ್ರಾಸ್ ಕಾಲೇಜಿಗೆ 1970ರಿಂದ 1994ರವರೆಗೆ ಅಧ್ಯಕ್ಷರಾಗಿದ್ದರು ಅನ್ನೋದನ್ನೇ ಜಾಸ್ತಿ ಹೇಳಿದ್ದೀರಿ. ನನಗೆ ಅದಕ್ಕಿಂತ ಹಿಂದಿನ ಕತೆಯೇ ದೊಡ್ಡದು.

1968ರಲ್ಲಿ ಅವರಿನ್ನೂ ಅದೇ ಕಾಲೇಜಿನಲ್ಲಿ ಥಿಯಾಲಜಿ, ಅಂದರೆ ಧರ್ಮಶಾಸ್ತ್ರದ ಮೇಷ್ಟ್ರು. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮೇಲೆ ಸುಮ್ನೆ ಪ್ರಾರ್ಥನೆ ಮಾಡಿ ಕೂರಲಿಲ್ಲ. ಕಾರು ಹತ್ತಿ ಫಿಲಡೆಲ್ಫಿಯಾಕ್ಕೆ ಹೋಗಿ, ಕಪ್ಪು ಹುಡುಗರನ್ನು ಮಾತಾಡಿಸಿ, ಕಾಲೇಜಿಗೆ ಬನ್ನಿ ಎಂದು ಕರೆದರು. ಆ ಕಾಲದ ವಿದ್ಯಾರ್ಥಿಗಳಲ್ಲೇ ಕ್ಲಾರೆನ್ಸ್ ಥಾಮಸ್ ಮುಂದೆ ಅಮೆರಿಕದ ಸುಪ್ರೀಂ ಕೋರ್ಟ್ ಜಡ್ಜ್ ಆದರು, ಎಡ್ವರ್ಡ್ ಜೋನ್ಸ್‌ಗೆ ಕಾದಂಬರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು.

ಕರೆತಂದರೆ ಮುಗಿಯಿತೇ? 1969ರ ಡಿಸೆಂಬರ್‌ನಲ್ಲಿ ಕ್ಯಾಂಪಸ್‌ನಲ್ಲಿ ಪ್ರತಿಭಟನೆ ನಡೆಯಿತು. ಅದರಲ್ಲಿ ಹೆಚ್ಚಿನವರು ಬಿಳಿಯರು, ಆದರೂ ಶಿಕ್ಷೆಗೆ ಮಾತ್ರ ಕಪ್ಪು ಹುಡುಗರನ್ನು ಹುಡುಕಿ ಹಿಡಿದಂತಿತ್ತು. ಇದು ಅನ್ಯಾಯ ಎಂದು ಉಳಿದ ಕಪ್ಪು ವಿದ್ಯಾರ್ಥಿಗಳೂ ಬ್ಯಾಗ್ ಕಟ್ಟಿಕೊಂಡು ಹೊರಟೇಬಿಟ್ಟರು. ಆಗ ಅಧ್ಯಕ್ಷರಾಗಿದ್ದ ಫಾದರ್ ಸ್ವೋರ್ಡ್ಸ್ ಅವರನ್ನು ಒಪ್ಪಿಸಿ ಶಿಕ್ಷೆ ರದ್ದು ಮಾಡಿಸಿದ್ದರಲ್ಲಿ ಬ್ರೂಕ್ಸ್ ಪಾಲು ದೊಡ್ಡದು. ಹುಡುಗರು ವಾಪಸ್ ಬಂದರು.

1972ರಲ್ಲಿ ಹುಡುಗಿಯರಿಗೂ ಬಾಗಿಲು ತೆರೆದದ್ದು ಇವರ ಅವಧಿಯಲ್ಲೇ. ಅದಕ್ಕೆ ನೀವು ಒಂದೇ ಸಾಲು ಕೊಟ್ಟಿದ್ದೀರಿ, ಇದು ಸ್ವಲ್ಪ ಜಿಪುಣತನ ಆಯ್ತು ಅಲ್ವಾ?